ರಾಜನ ಮುಖ ಮುಟ್ಟದ ಸುತ್ತಿಗೆ

“ನಿನ್ನ ಕೈ ಕತ್ತರಿಸ್ಬೇಕು! ಮೂರು ಸಾವಿರ ವರ್ಷ ನಿಂತ ಗೋಡೆ ಕಣಯ್ಯಾ ಅದು!”

“ಬಾಯ್ಮುಚ್ಚು, ಕಲ್ಲಿನ ಪೂಜಾರಿ! ನಾನು ಮುಟ್ಟಿದ್ದನ್ನ ನೀನು ಕಂಡ್ಯಾ?”

“ಕಾಣೋದೇನು? ಗುರುವಾರ ಶಾಲೆ ಅಂಗಳದಲ್ಲಿ ಇಡೀ ಊರಿನ ಮುಂದೆ ಅರಚಲಿಲ್ವಾ? ಆ ಸಮಾಧಿಗೆ ಒಂದು ಗತಿ ಕಾಣಿಸ್ತೀನಿ ಅನ್ಲಿಲ್ವಾ?”

“ಅಂದೆ! ದೇವರು ಒಬ್ಬನೇ ಅಂತ ಲೋಕಕ್ಕೆ ಮೊದಲು ಹೇಳ್ದೋನು ನಿನ್ನ ಉದ್ದ ಗಲ್ಲದ ರಾಜ ಅಂತ ಮಕ್ಕಳ ತಲೆಗೆ ತುಂಬ್ತೀಯಲ್ಲ, ಅದಕ್ಕೆ ನಿನಗೆ ಖರ್ಜೂರ ತಿನ್ನಿಸ್ಬೇಕಿತ್ತಾ? ಪ್ರವಾದಿಗಳೆಲ್ಲ ಏನು ಗಾಳಿ ಸೇವನೆಗೆ ಬಂದಿದ್ರಾ?”

ನಾನು ನಡುವೆ ನುಗ್ಗಿ, ಇಬ್ಬರ ಎದೆಗೂ ಒಂದೊಂದು ಕೈ ಕೊಟ್ಟು ದೂಡಿದೆ. ಮಾತಿನಲ್ಲಿ ಜಗಳ ಬಿಡಿಸುವ ತಾಳ್ಮೆ ನನಗಿಲ್ಲ. ನಾನು ಹವಾಲ್ದಾರ್ ಖಲಫ್, ಇದೇ ಊರಿನವನು. ಬಂಡೆಯ ಹೊಟ್ಟೆ ಕೊರೆದು ಮಾಡಿದ ಈ ಸಮಾಧಿಗಳ ಬಾಗಿಲಲ್ಲೇ ಆಡಿ ಬೆಳೆದವನು. ಎಡಗೈಯಲ್ಲಿ ನಾನು ತಡೆದು ಹಿಡಿದದ್ದು ನಮ್ಮ ಮಸೀದಿಯ ಶೇಖ್ ದಸೂಕಿಯವರನ್ನು. ಊರೆಲ್ಲ ಅವರನ್ನು ಮೌಲಾನಾ ಎನ್ನುತ್ತದೆ. ಬಲಗೈಯಲ್ಲಿ ತಡೆದದ್ದು ಉಸ್ತಾದ್ ಫಿಕ್ರಿ ನೌಫಲ್ ಅವರನ್ನು.

ಉಸ್ತಾದರ ಪುಸ್ತಕ ಓದದವರು ನಮ್ಮ ದೇಶದಲ್ಲಿ ಕಡಿಮೆ. ರೈಲಿನಲ್ಲಿ, ಕ್ಷೌರದಂಗಡಿಯಲ್ಲಿ, ಠಾಣೆಯ ಮೇಜಿನ ಕೆಳಗೆ, ಎಲ್ಲ ಕಡೆ ಅವರ ಪುಸ್ತಕ ಸಿಗುತ್ತದೆ. ಊರ ಶಾಲೆ ಬಿಟ್ಟ ಮೇಲೆ ನಾನು ಕೊನೆಯವರೆಗೂ ಓದಿ ಮುಗಿಸಿದ್ದು ಅವರ ಪುಸ್ತಕಗಳನ್ನು ಮಾತ್ರ. ಬೇರೆಯವರು ಬರೆದರೆ ಫರೋಹರು ಬಟ್ಟೆ ಸುತ್ತಿದ ಹೆಣಗಳು. ಇವರು ಬರೆದರೆ ಅವರಿಗೆ ಬೆವರು ಬರುತ್ತದೆ, ಸಿಟ್ಟು ಬರುತ್ತದೆ. ಕತ್ತಲ ಗುಡಿಯಲ್ಲಿ ಪುರೋಹಿತರು ಮುಚ್ಚಿಟ್ಟಿದ್ದ ದೇವರುಗಳನ್ನೆಲ್ಲ ಬಿಟ್ಟು, ಚಾವಣಿಯೇ ಇಲ್ಲದ ಗುಡಿ ಕಟ್ಟಿ, ಸೂರ್ಯನನ್ನು ನೇರವಾಗಿ ಒಳಗೆ ಕರೆದ ರಾಜ ಅಖೆನಾತೆನ್. ಅವನ ಕಥೆಯನ್ನು ಉಸ್ತಾದರು ಹೇಳುವಾಗ ನಮ್ಮ ಹೆಂಗಸರು ಕೂಡ ಹಿಟ್ಟು ನಾದುವುದು ನಿಲ್ಲಿಸಿ ಕೇಳುತ್ತಿದ್ದರು. ಪ್ರತಿ ಚಳಿಗಾಲ ಕೈರೋದಿಂದ ಬಂದು ಶಾಲೆಯ ಕೋಣೆಯಲ್ಲಿ ಉಳಿದು, ಹಣ ಕೇಳದೆ ಕಥೆ ಹೇಳುತ್ತಿದ್ದರು.

ಈಗ ಒಡೆದದ್ದು ಅವರಿಗೆ ಪ್ರಾಣವಾಗಿದ್ದ ಗೋಡೆ. ರಾಜನ ಬೀಸಣಿಗೆಗಾರ ಸೆನ್‌ರಾನ ಸಮಾಧಿಯ ಒಳಗೋಡೆ. ಅವರ ಅತಿ ದೊಡ್ಡ ಪುಸ್ತಕ ಈ ಸೆನ್‌ರಾನ ಮೇಲೆಯೇ. ಹೊಸ ದೇವರನ್ನು ಉಳಿದವರು ರಾಜನ ಭಯಕ್ಕೆ ನಂಬಿದರು, ಇವನೊಬ್ಬ ಮನಸ್ಸಿನಿಂದ ನಂಬಿದ, ಸಾಯುವವರೆಗೂ ಇನ್ನೊಂದು ದೇವರ ಕಡೆ ತಿರುಗಿ ನೋಡಲಿಲ್ಲ ಎಂದು ಆ ಪುಸ್ತಕ ಹೇಳುತ್ತದೆ. ಓದಿ ನಾನು ಅತ್ತಿದ್ದೇನೆ.

* * *

ತನಿಖೆಯ ಪೊಲೀಸ್ ಅಧಿಕಾರಿ ಮೇಜರ್ ಬಿಶಾರಾ ದೋಣಿ ಇಳಿದು ಬರುವಷ್ಟರಲ್ಲಿ ಗೋಡೆ ಒಡೆದ ಸುತ್ತಿಗೆ ಸಿಕ್ಕಿತ್ತು. ಮಸೀದಿಯ ಹಿಂದೆ, ರಿಪೇರಿಗೆಂದು ಸುರಿದಿದ್ದ ಮರಳಿನಲ್ಲಿ ಹೂತಿತ್ತು. ಮೇಲೆಲ್ಲ ಬಿಳಿ ಸುಣ್ಣಗಲ್ಲಿನ ಪುಡಿ.

“ಮುಗೀತಲ್ಲ ಬಾಷಾ,” ಎಂದೆ. ಅಧಿಕಾರಿಗಳನ್ನು ನಾವು ಕರೆಯುವುದೇ ಹಾಗೆ. “ಬೇಡಿ ತರ್ಲಾ?”

“ಯಾರ ಸುತ್ತಿಗೆ?”

“ಗಾರೆಯವರದ್ದು. ಅಂಗಳದಲ್ಲೇ ಬಿಸಾಕಿ ಹೋಗ್ತಾರೆ.”

“ಅಂದ್ರೆ ನೀನೂ ಎತ್ಕೋಬಹುದಿತ್ತು.”

ನನಗೆ ರೇಗಿತು. ಆದರೆ ಅವರು ನನ್ನ ಕಡೆ ನೋಡಲೇ ಇಲ್ಲ. ಅವರ ಫೋನು ಮತ್ತೆ ಮತ್ತೆ ಕಿರುಚುತ್ತಿತ್ತು. ಜಿಲ್ಲಾ ಕೇಂದ್ರ ಮಿನ್ಯಾದ ದೊಡ್ಡ ಪೊಲೀಸ್ ಸಾಹೇಬರಿಗೆ ಸಂಜೆಯೊಳಗೆ ಮೌಲಾನಾ ಲಾಕಪ್ಪಿನಲ್ಲಿರಬೇಕು. ಬಿಶಾರಾ ಕ್ರೈಸ್ತರು. ಕ್ರೈಸ್ತ ಅಧಿಕಾರಿ ನಮ್ಮ ಮೌಲಾನಾಗೆ ಬೇಡಿ ಹಾಕಿದರೆ ಊರು ಎರಡಾಗಿ ಹೊತ್ತಿಕೊಳ್ಳುತ್ತದೆ. ಹಾಕದಿದ್ದರೆ ಅವರ ಹೆಗಲ ಮೇಲಿನ ನಕ್ಷತ್ರ ಉದುರುತ್ತದೆ. ಬೆಟ್ಟದ ಬುಡದಲ್ಲಿ ಆಗಲೇ ಜನ ಎರಡು ಗುಂಪಾಗಿ ನಿಂತಿದ್ದರು.

ಕಾವಲುಗಾರ ಕಾಕಾ ಜಾದ್ ಸಮಾಧಿಯ ಬಾಗಿಲಲ್ಲಿ ಕನ್ನಡಿ ಹಿಡಿದು ಬಿಸಿಲನ್ನು ಒಳಗೆ ತಿರುಗಿಸಿದ. ಗೋಡೆ ಹೊಳೆಯಿತು. ಮೇಲೆ ಸೂರ್ಯ. ಅವನ ಒಂದೊಂದು ಕಿರಣದ ತುದಿಯಲ್ಲೂ ಒಂದೊಂದು ಪುಟ್ಟ ಕೈ. ಕೆಳಗೆ ಉದ್ದ ಮುಖದ ರಾಜ, ರಾಣಿ. ಅವರ ಮುಂದೆ ಬಾಗಿದ ಸೇವಕರ ಸಾಲು. ಆ ಸಾಲಿನ ಮೇಲೆ ಅಲ್ಲಲ್ಲಿ ನಾಲ್ಕಾರು ಏಟು ಬಿದ್ದಿತ್ತು. ಬಲಗಡೆ ಕೆಳಮೂಲೆಯಲ್ಲಿ, ಸೆನ್‌ರಾನೂ ಅವನ ಹೆಂಡತಿಯೂ ಕುಳಿತಿದ್ದ ಪೀಠದ ಕೆಳಗೆ, ಒಂದು ಮೊರದಗಲ ಜಾಗ ಪೂರ್ತಿ ಗುಂಡಿಬಿದ್ದಿತ್ತು.

“ಬೀಗ ಒಡೆದಿಲ್ಲ,” ಎಂದರು ಬಿಶಾರಾ.

“ಬೀಗದಕೈ ಚಹಾ ಡಬ್ಬೀಲಿರುತ್ತೆ ಬಾಷಾ,” ಎಂದ ಜಾದ್, ನೆಲ ನೋಡುತ್ತ. “ಊರಿಗೆಲ್ಲ ಗೊತ್ತು. ನಿನ್ನೆ ಶುಕ್ರವಾರದ ಜುಮಾ ನಮಾಜ್ ಆದ ಮೇಲೆ ಪಕ್ಕದೂರಿಗೆ ಸಾವಿಗೆ ಹೋಗಿದ್ದೆ. ಬರೋವಾಗ ಸಂಜೆ. ಒಳಗೆ ನೋಡ್ಲಿಲ್ಲ.”

“ಕಾವಲು ಕಾಯೋದು ಡಬ್ಬೀನಾ, ನೀನಾ?” ಎಂದು ನಾನು ಅವನ ಕೊರಳಪಟ್ಟಿ ಹಿಡಿದೆ. ಬಿಶಾರಾ ಕಣ್ಣಲ್ಲೇ ಬಿಡಿಸಿದರು.

ಗೋಡೆ ಶುಚಿ ಮಾಡುವ ತಜ್ಞೆ ಡಾಕ್ಟರ್ ನಿಹಾಲ್ ಮೂಲೆಯಲ್ಲಿ ಕುಳಿತು ಅಳುತ್ತಿದ್ದಳು. ಉಸ್ತಾದರ ಪುಸ್ತಕ ಓದಿಯೇ ಈ ಕೆಲಸಕ್ಕೆ ಬಂದವಳು.

“ಈ ಕೆಳಮೂಲೇಲಿ ಏನಿತ್ತು ಡಾಕ್ಟ್ರೇ?”

“ಹಳೇ ಗಾರೆ, ಬಾಷಾ. ಆಗಿನ ಕಾಲದವರೇ ಬಳಿದು ಮುಚ್ಚಿದ್ದು. ಮೆತ್ತಗಾಗ್ಲಿ ಅಂತ ಗುರುವಾರ ಒದ್ದೆ ಹತ್ತಿ ಅಂಟಿಸಿ ಹೋಗಿದ್ದೆ. ಇವತ್ತು ಬಿಡಿಸಿ ನೋಡ್ಬೇಕಿತ್ತು.”

“ಒಳಗೆ ಚಿತ್ರ ಇತ್ತಾ?”

“ಇದ್ದಿರ್ಬಹುದು. ನಾನು ನೋಡ್ಲಿಲ್ಲ. ಯಾರೂ ನೋಡಿಲ್ಲ.”

“ಆ ಹತ್ತಿ ಈಗೆಲ್ಲಿ?”

ಅವಳು ತನ್ನ ಮೇಜು ತೋರಿಸಿದಳು. ಹತ್ತಿಯ ಹಾಳೆಗಳು ಒಂದರ ಮೇಲೊಂದು, ಅಂಚಿಗೆ ಅಂಚು ಕೂಡಿಸಿ ಇಟ್ಟಿದ್ದವು. ಬಿಶಾರಾ ಅವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಮಂಡಿಯೂರಿ ನೆಲದ ಪುಡಿಯನ್ನು ಬೆರಳಲ್ಲಿ ಕೆದಕಿದರು. ಸೇವಕರ ಸಾಲಿನಿಂದ ಬಿದ್ದ ಚೂರುಗಳಿದ್ದವು. ಒಂದು ಕಿವಿ, ಒಂದು ಮೊಣಕೈ. ಆ ದೊಡ್ಡ ಗುಂಡಿಯ ಕೆಳಗೆ ಬರೀ ಹಿಟ್ಟಿನಂಥ ಪುಡಿ.

“ಇನ್ನೇನಾದ್ರೂ ಕಾಣೆಯಾಗಿದ್ಯಾ?”

“ಒಂದು ಸುರುಳಿ ಒಣ ಹತ್ತಿ,” ಎಂದಳು. “ಹೋದ್ರೆ ಹೋಗ್ಲಿ, ಬಾಷಾ. ಗೋಡೇನೇ ಹೋಯ್ತು.”

* * *

ಮೌಲಾನಾ ಠಾಣೆಯ ಕುರ್ಚಿಯಲ್ಲಿ ಸಿಂಹಾಸನದ ಮೇಲೆ ಕುಳಿತ ಹಾಗೆ ಕುಳಿತಿದ್ದರು.

“ನಿನ್ನೆ ಜುಮಾ ಮುಗಿದ ಮೇಲೆ ಎಲ್ಲಿದ್ರಿ ಮೌಲಾನಾ?”

“ಮನೇಲಿ.”

“ನೀವು ಮನೇಲಿರಲಿಲ್ಲ ಅಂತ ಮನೆಯವರು ಹೇಳ್ತಾರೆ.”

“ಹಾಗಾದ್ರೆ ಹೊರಗೆ.”

“ಹೊರಗೆ ಎಲ್ಲಿ?”

“ಅದು ನನಗೂ ನನ್ನ ದೇವರಿಗೂ ಬಿಟ್ಟಿದ್ದು.”

ನಾನು ಮೇಜು ಗುದ್ದಿದೆ. “ದೇವರ ಹತ್ರ ಲಾಕಪ್ಪಿನ ಬೀಗದಕೈ ಇಲ್ಲ ಮೌಲಾನಾ. ನನ್ನ ಹತ್ರ ಇದೆ!”

“ಸುಮ್ನಿರು ಖಲಫ್.” ಬಿಶಾರಾ ಕುರ್ಚಿ ಎಳೆದುಕೊಂಡು ಹತ್ತಿರ ಕುಳಿತರು. “ಗಡ್ಡ ಚೆನ್ನಾಗಿದೆ ಮೌಲಾನಾ.”

ಮೌಲಾನಾರ ಕೈ ತಾನಾಗಿ ಗಡ್ಡಕ್ಕೆ ಹೋಯಿತು.

“ಗುರುವಾರದ ಜಗಳದ ಫೋಟೋ ನೋಡ್ದೆ. ಅದರಲ್ಲಿ ಬೂದಿ ಬಣ್ಣ ಇತ್ತು. ಇವತ್ತು ಇದ್ದಿಲಿನ ಹಾಗಿದೆ. ಕಿವಿ ಕೆಳಗೆ ಚರ್ಮಕ್ಕೂ ಸ್ವಲ್ಪ ಹತ್ತಿದೆ.”

ನನಗೆ ನಗು ತಡೆಯಲಾಗಲಿಲ್ಲ. ಕಳೆದ ರಮದಾನಿನಲ್ಲಿ ಇದೇ ಮೌಲಾನಾ, ಕಪ್ಪು ಬಣ್ಣ ಹಚ್ಚಿ ಯೌವನ ಕದಿಯುವ ಮುದುಕರ ಬಗ್ಗೆ, ನಮಗೆಲ್ಲ ಹೊಟ್ಟೆ ಹಸಿಯುತ್ತಿರುವಾಗ, ಮುಗಿಯದ ಉಪದೇಶ ಕೊಟ್ಟಿದ್ದರು.

“ಮಲ್ಲವಿ ಪೇಟೆಯ ಯಾವ ಕ್ಷೌರಿಕ?” ಎಂದರು ಬಿಶಾರಾ, ಮೆಲ್ಲಗೆ.

ಮೌಲಾನಾರ ದನಿ ಇಳಿಯಿತು. “ಸೇತುವೆ ಪಕ್ಕದವನು. ಮೊದಲ ಸಲ ಬಣ್ಣ ಸರಿಯಾಗಿ ಹಿಡೀಲಿಲ್ಲ, ಎರಡನೇ ಸಲ ಹಚ್ಚಿದ. ಸಂಜೆ ಆಯ್ತು. ಬೇಡಿ ಬೇಕಾದ್ರೂ ಹಾಕು ಮಗನೇ. ಊರಿಗೆ ಮಾತ್ರ ಹೇಳ್ಬೇಡ.”

ಕ್ಷೌರಿಕನಿಗೆ ಫೋನು ಹೋಯಿತು. ಮಾತು ನಿಜ. ಆದರೆ ಒಬ್ಬ ಕ್ಷೌರಿಕನ ಮಾತನ್ನು ಮಿನ್ಯಾ ಕೇಳುವುದಿಲ್ಲ. ನಿಜವಾದ ಅಪರಾಧಿ ಸಿಗದಿದ್ದರೆ ಸಂಜೆಗೆ ಮೌಲಾನಾ ಒಳಗೆ ಹೋಗುವುದು ಖಂಡಿತ.

ಏಳುವಾಗ ಮೌಲಾನಾಗೆ ಮತ್ತೆ ಸಿಟ್ಟು ಬಂತು. “ಒಂದು ಮಾತು ಹೇಳ್ತೀನಿ ಕೇಳು. ನಾನು ಒಡೆಯೋದಾಗಿದ್ರೆ ಮೊದಲ ಏಟು ಆ ಉದ್ದ ಗಲ್ಲಕ್ಕೇ ಬೀಳ್ತಿತ್ತು. ಅದು ಎದೆಮಟ್ಟದಲ್ಲೇ ಇದೆ. ಅದನ್ನ ಬಿಟ್ಟು, ಬಗ್ಗಿ ಕೂತು ಕೆಳಗಿನ ಮೂಲೆ ಕುಟ್ಟೋಕೆ ನನಗೇನು ಹುಚ್ಚಾ?”

ಬಿಶಾರಾ ಎದ್ದು ನಿಂತರು.

“ಎಲ್ಲರನ್ನೂ ಸಮಾಧಿಗೆ ಕರ್ಕೊಂಡು ಬಾ ಖಲಫ್,” ಎಂದರು. “ಮೌಲಾನಾ, ನೀವೂ ಬನ್ನಿ.”

* * *

ಕಾಕಾ ಜಾದ್ ಮತ್ತೆ ಕನ್ನಡಿ ಹಿಡಿದ. ನಿಹಾಲ್, ಉಸ್ತಾದರು, ಬಾಗಿಲ ಬಳಿ ಮೌಲಾನಾ. ನಾನು ಬೇಡಿ ಹಿಡಿದು ಹಿಂದೆ ನಿಂತಿದ್ದೆ.

“ಇದನ್ನ ಒಡೆದವನಿಗೆ ಈ ರಾಜನ ಮೇಲೆ ದ್ವೇಷ ಇರಲಿಲ್ಲ,” ಎಂದರು ಬಿಶಾರಾ. “ಮುಖ ನೋಡಿ. ಒಂದು ಗೀರೂ ಇಲ್ಲ. ಸೂರ್ಯನ ಒಂದು ಬೆರಳೂ ಮುರಿದಿಲ್ಲ. ದ್ವೇಷಿಗಳ ಕೆಲಸ ಅಂತ ಕಾಣಿಸ್ಬೇಕಾಗಿತ್ತು, ಅದಕ್ಕೆ ಸೇವಕರಿಗೆ ನಾಲ್ಕು ಏಟು ಕೊಟ್ಟ. ರಾಜನ ಮುಂದೆ ಬಂದಾಗ ಅವನ ಕೈ ಏಳಲಿಲ್ಲ.”

ಅವರು ಕೆಳಮೂಲೆಯತ್ತ ಬೆರಳು ತೋರಿದರು.

“ಅವನಿಗೆ ಬೇಕಾಗಿದ್ದದ್ದು ಈ ಮೂಲೆ. ಮೇಲೆ ಒದ್ದೆ ಹತ್ತಿ ಇತ್ತು. ಒಡೆಯೋಕೆ ಬಂದವನು ಹತ್ತಿ ಸಮೇತ ಕುಟ್ತಾನೆ. ಇವನು ಒಂದೊಂದೇ ಹಾಳೆ ಬಿಡಿಸಿ ಅಂಚು ಕೂಡಿಸಿ ಇಟ್ಟಿದಾನೆ. ಅಂದ್ರೆ ಒಡೆಯೋಕೆ ಬಂದವನಲ್ಲ. ನೋಡೋಕೆ ಬಂದವನು. ಶನಿವಾರದವರೆಗೆ ಕಾಯೋಕಾಗದಷ್ಟು ಆಸೆ ಇದ್ದವನು. ಡಾಕ್ಟ್ರೇ, ಹೀಗೆ ಹತ್ತಿ ಬಿಡಿಸೋದನ್ನ ಇಲ್ಲಿ ಎಷ್ಟು ಜನ ನೋಡಿ ಕಲ್ತಿದಾರೆ?”

ನಿಹಾಲ್ ತಲೆ ಎತ್ತಿದಳು. ಅವಳ ಕಣ್ಣು ಉಸ್ತಾದರ ಕಡೆ ಹೋಯಿತು, ಅಲ್ಲೇ ನಿಂತಿತು.

“ಇಲ್ಲ,” ಎಂದೆ ನಾನು. ಹವಾಲ್ದಾರ ಬಾಯಿ ಹಾಕಬಾರದ ಜಾಗದಲ್ಲಿ ಬಾಯಿ ಹಾಕಿದೆ. “ಸುಳ್ಳು ಬಾಷಾ. ಅವರು ಮಾಡಲ್ಲ.”

ಬಿಶಾರಾ ನನ್ನನ್ನು ಗದರಲಿಲ್ಲ. “ಇನ್ನು ಉಳಿದದ್ದು ಒಂದೇ ಪ್ರಶ್ನೆ. ಗುಂಡಿಯ ಚೂರುಗಳು ಇಲ್ಲಿಲ್ಲ. ಬಿಡಿ, ಆ ಮನುಷ್ಯ ಅವನ್ನ ಪುಡಿ ಮಾಡಿ ನೈಲ್‌ಗೆ ಎಸೆದಿರ್ತಾನೆ. ಅಷ್ಟೇ ಅವನ ಯೋಗ್ಯತೆ. ಹೌದಲ್ವಾ ಉಸ್ತಾದ್?”

“ನೈಲ್‌ಗಾ?” ಉಸ್ತಾದರು ಸಿಡಿದರು. “ನಾನು? ಎಸೆಯೋದಾ? ಒಂದೊಂದು ಚೂರನ್ನೂ ಹತ್ತೀಲಿ ಸುತ್ತಿ ಇಟ್ಟಿದೀನಿ ಕಣ್ರೀ! ಒಂದು ಗುಲಗಂಜಿಯಷ್ಟು ಕೂಡ ಬಿಟ್ಟಿಲ್ಲ!”

ಜಾದ್‌ನ ಕನ್ನಡಿ ವಾಲಿತು. ಗೋಡೆಯ ಮೇಲಿನ ಬಿಸಿಲೆಲ್ಲ ಅಲುಗಾಡಿತು.

ಉಸ್ತಾದರು ಕನ್ನಡಕ ತೆಗೆದರು. ಆಮೇಲಿನ ಮಾತಿನಲ್ಲಿ ಸಿಟ್ಟಿರಲಿಲ್ಲ. ನಮಗೆ ಕಥೆ ಹೇಳುವಾಗ ಇರುತ್ತಿದ್ದ ಅದೇ ದನಿ.

“ತವೆರೆತ್ ಇದ್ದಳು ಅಲ್ಲಿ. ನೀರ್ಗುದುರೆ ಮುಖದ ಹಳೇ ದೇವತೆ, ಹೆರಿಗೆ ಕಾಯೋ ತಾಯಿ. ಅಂಗೈಯಷ್ಟಗಲ. ಅವಳ ಮುಂದೆ ಸೆನ್‌ರಾ ಮಂಡಿಯೂರಿ ದೀಪ ಹಿಡಿದಿದ್ದ. ಮೇಲೆ ಪೀಠದ ಮೇಲೆ ಕೂತ ಹೆಂಡತಿ ತುಂಬು ಬಸುರಿ. ನಾನು ಇಷ್ಟು ವರ್ಷ ಆ ಹೊಟ್ಟೇನ ಬಟ್ಟೆಯ ಮಡಿಕೆ ಅಂದ್ಕೊಂಡಿದ್ದೆ. ರಾಜನಿಗೆ ಗೊತ್ತಾಗದ ಹಾಗೆ ಕೆತ್ತಿಸಿ, ಮೇಲೆ ಗಾರೆ ಬಳಿಸಿದಾನೆ. ಇನ್ನೊಂದು ದೇವರ ಕಡೆ ತಿರುಗಿಯೂ ನೋಡದ ನನ್ನ ಸೆನ್‌ರಾ!” ಅವರು ನಗಲು ನೋಡಿದರು. “ಇಡೀ ಪುಸ್ತಕ ಸುಳ್ಳಾಯ್ತು. ಎಷ್ಟು ಜನ ಅವನ ಹೆಸರು ಮಕ್ಕಳಿಗಿಟ್ಟಿದಾರೆ ಗೊತ್ತಾ? ಹಳೇ ದೇವರ ಹೆಸರು ಕಂಡಲ್ಲೆಲ್ಲ ರಾಜನ ಆಳುಗಳು ಉಳಿ ಹಿಡಿದು ಕೆತ್ತಿ ಹಾಕಿದ್ರು ಅಂತ ಬರೆದು ಬೈದವನು ನಾನು. ನಿನ್ನೆ ಸುತ್ತಿಗೆ ನನ್ನ ಕೈಲಿತ್ತು.”

“ಆ ಸುತ್ತಿಗೇನ ನೀನು ನನ್ನ ಮಸೀದಿ ಹಿಂದೆ ಹೂತಿಟ್ಟೆ,” ಎಂದರು ಮೌಲಾನಾ.

“ಹೌದು. ತಪ್ಪಾಯ್ತು ಅಂತ ಹೇಳೋಕೂ ನನಗೆ ಮುಖ ಇಲ್ಲ, ಮೌಲಾನಾ. ಬೆಳಿಗ್ಗೆ ನಿಮ್ಮ ಮೇಲೆ ಕೂಗಾಡ್ತಿದ್ದಾಗ ನೀವೇ ಮಾಡಿದ್ದು ಅಂತ ನನಗೇ ನಂಬಿಕೆ ಬಂದುಬಿಟ್ಟಿತ್ತು.”



ನಿಹಾಲ್ ಗುಂಡಿಯ ಮುಂದೆ ಕುಳಿತು ಅದರ ಅಂಚನ್ನು ಬೆರಳಲ್ಲಿ ಸವರುತ್ತಿದ್ದಳು. “ಹೆಂಡತಿ ಬಸುರಿ. ಅವಳು ಬದುಕಲಿ ಅಂತ ರಾಜನಿಗೆ ಕದ್ದು ದೀಪ ಇಟ್ಟಿದಾನೆ,” ಎಂದಳು. “ಉಸ್ತಾದ್, ಪುಸ್ತಕದಲ್ಲಿದ್ದವನಿಗಿಂತ ಇವನೇ ನನಗೆ ಇಷ್ಟ ಆದ. ಇದನ್ನ ನೀವು ಬರೆದಿದ್ರೆ ಹೇಗಿರ್ತಿತ್ತು!”

ಆ ಮಾತು ಅವರಿಗೆ ಎಲ್ಲಿ ತಾಗಿತೋ. ನಾನು ಬೇಡಿ ತೆಗೆದುಕೊಂಡು ಮುಂದೆ ಹೋಗಿದ್ದೆ, ಅವರ ಮುಖ ನೋಡಿ ನಿಂತೆ. ಬಿಶಾರಾ ಬೇಡ ಎಂಬಂತೆ ತಲೆಯಾಡಿಸಿದರು.

“ಶಾಲೆ ಕೋಣೆಯಲ್ಲಿ, ಮಂಚದ ಕೆಳಗಿನ ಪೆಟ್ಟಿಗೇಲಿದೆ ಮಗಳೇ,” ಎಂದರು ಉಸ್ತಾದರು. “ಮೇಲಿನ ಪದರದಲ್ಲಿ ಅವಳ ಮುಖ. ಹುಷಾರು. ಕೂಡಿಸೋಕಾಗುತ್ತಾ?”

“ಆಗುತ್ತೆ. ನಿಧಾನ ಆಗುತ್ತೆ.”

“ಹಾಗಾದ್ರೆ ಸರಿ.”

ಅವರು ಬಾಗಿಲಿಗೆ ನಡೆದರು. ಮೌಲಾನಾ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಬೆಟ್ಟದ ಬುಡದಲ್ಲಿ ಕೂಗಾಡುತ್ತಿದ್ದ ಎರಡು ಗುಂಪುಗಳೂ ಅವರು ಒಬ್ಬರೇ ಇಳಿದು ಬರುವುದನ್ನು ಕಂಡು ಸುಮ್ಮನಾದವು. ಅವರು ಯಾರ ಮುಖವನ್ನೂ ನೋಡಲಿಲ್ಲ. ನೇರ ಮೇಜರ್ ಬಂದಿದ್ದ ದೋಣಿಗೆ ಹೋಗಿ, ನಮ್ಮ ಊರಿಗೆ ಬೆನ್ನು ಹಾಕಿ ಕುಳಿತರು.

ನಿಹಾಲ್ ಆ ತಾಯಿಯನ್ನು ಕೂಡಿಸಿ ಮುಗಿಸಿದ್ದಾಳೆ. ದೀಪ ಹಿಡಿದ ಸೆನ್‌ರಾನನ್ನು ನೋಡಲು ಬಸುರಿಯರು ಬೆಟ್ಟ ಹತ್ತಿ ಬರುತ್ತಾರೆ, ಮೌಲಾನಾ ಕಂಡೂ ಕಾಣದ ಹಾಗೆ ಇರುತ್ತಾರೆ. ಅವನ ಕಥೆಯನ್ನು ಇನ್ನೊಂದು ಸಲ, ಸರಿಯಾಗಿ, ಹೇಳಬಲ್ಲವರು ಒಬ್ಬರೇ. ಅವರು ಮತ್ತೆ ನೈಲ್ ದಾಟಿ ಈ ದಡಕ್ಕೆ ಬರಲೇ ಇಲ್ಲ.