ಸಡಿಲವಾದ ಮುಚ್ಚಳಗಳು

ಮಂಗಳವಾರ ಬೆಳಿಗ್ಗೆ ಒಂಬತ್ತೂವರೆಗೆ ಠಾಣೆಗೆ ಬಂದ ವಿಜ್ಞಾನಿ ಮೇಡಂ ಕುರ್ಚಿಯಲ್ಲಿ ಕೂರುವ ಮೊದಲೇ ಹೇಳಿದರು. "ನನ್ನ ಲ್ಯಾಬಲ್ಲಿ ಯಾರೋ ಎಲ್ಲವನ್ನೂ ಕೊಂದುಹಾಕಿದಾರೆ."

ದಫೇದಾರನ ಪೆನ್ನು ನಿಂತಿತು. "ಎಷ್ಟು ಜನ ಮೇಡಂ?"

"ಜನ ಅಲ್ಲ. ಮಣ್ಣಿನ ಸೂಕ್ಷ್ಮಜೀವಿಗಳು."

ದಫೇದಾರ ನಗು ನುಂಗಿಕೊಂಡು ಇನ್‌ಸ್ಪೆಕ್ಟರರ ಮುಖ ನೋಡಿದ. ಅವರಿಗೆ ನಗು ಬರುವ ದಿನವಾಗಿರಲಿಲ್ಲ. ಒಟ್ಟಿಗೆ ತರಬೇತಿ ಮುಗಿಸಿದ ಗೆಳೆಯ ಹಿಂದಿನ ದಿನವಷ್ಟೇ ಡಿವೈಎಸ್‌ಪಿಯಾಗಿ ಅವರ ತಲೆಯ ಮೇಲೆಯೇ ಬಂದು ಕೂತಿದ್ದ. ಸೆಲ್ಯೂಟ್ ಹೊಡೆದ ಕೈ ಇನ್ನೂ ಉರಿಯುತ್ತಿತ್ತು. ಹೊಟ್ಟೆಯ ಉರಿಯನ್ನಂತೂ ಕೇಳುವುದೇ ಬೇಡ.

ಮೇಡಂ ವಿವರಿಸಿದರು. ಮುಚ್ಚಿಹೋದ ಬ್ಯಾಟರಿ ಕಾರ್ಖಾನೆಯ ನೆಲದಲ್ಲಿ ಸೀಸ ತುಂಬಿದೆ. ಮಳೆ ಬಿದ್ದಾಗಲೆಲ್ಲ ಅದು ಪಕ್ಕದ ಬಡಾವಣೆಯ ಬಾವಿಗಳಿಗೆ ಇಳಿಯುತ್ತದೆ, ಮಕ್ಕಳ ರಕ್ತದಲ್ಲೂ ಸಿಕ್ಕಿದೆ. ಅದೇ ವಿಷದ ಮಣ್ಣಿನಲ್ಲಿ ಬದುಕುಳಿದ ಸೂಕ್ಷ್ಮಜೀವಿಗಳನ್ನು ಹೆಕ್ಕಿ ತಂದು ಆರು ವರ್ಷ ಸಾಕಿದ್ದರು. ಅವು ಸೀಸವನ್ನು ಮಾಯ ಮಾಡುವುದಿಲ್ಲ, ನೀರಿನಲ್ಲಿ ಕರಗದ ಹಾಗೆ ಕಟ್ಟಿಹಾಕುತ್ತವೆ. ಮುಂದಿನ ತಿಂಗಳು ಅವನ್ನು ಆ ನೆಲಕ್ಕೆ ಬಿಡಬೇಕಿತ್ತು. ಈಗ ಒಂದು ಬಾಟಲಿಯಲ್ಲೂ ಜೀವವಿಲ್ಲ.

"ಮತ್ತೆ ಹುಡುಕಬಹುದಲ್ವಾ?"

"ಇನ್ನಾರು ವರ್ಷ ಬೇಕು ಸರ್. ಆ ಮಕ್ಕಳು ಅಲ್ಲೀವರೆಗೂ ಅದೇ ನೀರು ಕುಡೀಬೇಕು."

ಎಫ್‌ಐಆರ್ ದಾಖಲಾಯಿತು. ಹನ್ನೊಂದು ಗಂಟೆಗೆ ಇಬ್ಬರು ಪಂಚರ ಎದುರು ಲ್ಯಾಬಿನ ಪಂಚನಾಮೆ ಶುರುವಾಯಿತು. ಬೀಗ ಒಡೆದಿರಲಿಲ್ಲ, ಕಿಟಕಿಗಳು ಭದ್ರವಾಗಿದ್ದವು.

"ಆ ಕಾರ್ಖಾನೆ ಜಾಗದ ಮೇಲೆ ಕಣ್ಣಿಟ್ಟಿರೋ ಯಾರೋ ಬ್ರೋಕರ್‌ದೇ ಕೆಲಸ ಸಾರ್," ಎಂದು ತೀರ್ಪು ಕೊಟ್ಟ ದಫೇದಾರ ಫ್ರಿಜ್ಜಿನಿಂದ ಒಂದು ಬಾಟಲಿಯನ್ನು ಮುಚ್ಚಳ ಹಿಡಿದು ಎತ್ತಿದ. ಮುಚ್ಚಳ ಕೈಯಲ್ಲುಳಿಯಿತು, ಬಾಟಲಿ ಅವನ ಬೂಟಿನ ಮೇಲೆ ಬಿತ್ತು.

ಇನ್‌ಸ್ಪೆಕ್ಟರ್ ಬೈಯಲಿಲ್ಲ. ಉಳಿದ ಬಾಟಲಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು. ಎಲ್ಲದರ ಮುಚ್ಚಳವೂ ಸಡಿಲ.

"ಹೀಗೇ ಇಡ್ತೀರಾ?"

"ಇಲ್ಲ, ಫ್ರಿಜ್ಜಲ್ಲಿ ಬಿಗಿಯಾಗೇ ಇಡ್ತೀವಿ."

"ಸಡಿಲ ಮಾಡೋದು ಯಾವಾಗ?"

"ಬೇಡವಾದ್ದನ್ನ ಆ ದೊಡ್ಡ ಕುಕ್ಕರಲ್ಲಿ ಹಾಕಿ ಕೊಲ್ಲೋವಾಗ. ಬಿಗಿ ಇದ್ರೆ ಬಾಟಲಿ ಒಡೆದುಹೋಗುತ್ತೆ..." ಮೇಡಂ ಕುಕ್ಕರಿನತ್ತ ತಿರುಗಿ ನೋಡಿದರು.

ಹೊರಗಿನವನಾದರೆ ಬಾಟಲಿಗಳನ್ನು ನೆಲಕ್ಕೆ ಬಡಿದು ಹೋಗುತ್ತಿದ್ದ. ಇವನು ಕೊಲ್ಲುವಾಗಲೂ ಗಾಜು ಉಳಿಯಲೆಂದು ಮುಚ್ಚಳ ಸಡಿಲಿಸಿದ್ದಾನೆ. ಆರಿದ ಮೇಲೆ ವಾಪಸು ಜೋಡಿಸುವ ಗಡಿಬಿಡಿಯಲ್ಲಿ ಬಿಗಿ ಮಾಡುವುದನ್ನು ಮರೆತಿದ್ದಾನೆ. ಕೆಲಸ ಬಲ್ಲವನ ಕೈ.

ಬೀಗದ ಕೈ ಮೂವರ ಬಳಿ ಇತ್ತು: ಮೇಡಂ, ಅದೇ ಲ್ಯಾಬಿನಲ್ಲಿ ದುಡಿಯುವ ಅವರ ಗಂಡ, ಒಬ್ಬ ವಿದ್ಯಾರ್ಥಿನಿ. ವಿದ್ಯಾರ್ಥಿನಿ ತಾಯಿಯ ಆಪರೇಷನ್ನಿಗೆಂದು ಊರಿಗೆ ಹೋಗಿ ವಾರವಾಗಿತ್ತು. ದಫೇದಾರ ಆಸ್ಪತ್ರೆಗೇ ಫೋನ್ ಮಾಡಿ ಖಚಿತಪಡಿಸಿಕೊಂಡ.

"ಏನಾದ್ರೂ ಕಾಣೆಯಾಗಿದೆಯಾ ಮೇಡಂ?"

ಮೇಡಂ ಫ್ರಿಜ್ಜನ್ನೆಲ್ಲ ತಡಕಾಡಿದರು. "ಒಂದು ಗಾಜಿನ ನಳಿಕೆ ಇಲ್ಲ. ಮೊಟ್ಟಮೊದಲು ಸಿಕ್ಕಿದ್ದು. ಮದುವೆಯಾದ ಹೊಸತರಲ್ಲಿ ಕಾರ್ಖಾನೆ ಹಿಂದೆ ನಾವಿಬ್ಬರೇ ಅಗೆದು ತಂದಿದ್ದು."

ಗೋಡೆಯ ಮೇಲೆ ಪತ್ರಿಕೆಯ ತುಣುಕೊಂದಿತ್ತು. ಮೇಡಂ ನಗುತ್ತಿದ್ದರು. ಚಿತ್ರದ ಅಂಚಿನಲ್ಲಿ ಯಾರದೋ ಅರ್ಧ ಭುಜ.

"ಇದು ಯಾರು?"

"ನಮ್ಮನೆಯವರು. ಪೇಪರಿನವರು ಕತ್ತರಿಸಿಬಿಟ್ಟಿದಾರೆ."

ಇನ್‌ಸ್ಪೆಕ್ಟರ್ ಆ ಭುಜವನ್ನೇ ಬಹಳ ಹೊತ್ತು ನೋಡಿದರು. ಅದರ ಸಂಕಟ ಅವರಿಗೆ ಚೆನ್ನಾಗಿಯೇ ಗೊತ್ತಿತ್ತು.

ಮಧ್ಯಾಹ್ನ ಎರಡಕ್ಕೆ ಪಂಚರೊಡನೆ ಮೇಡಂ ಮನೆಗೆ ಹೋದಾಗ ಗಂಡ ನಗುನಗುತ್ತಲೇ ಬಾಗಿಲು ತೆರೆದ. ಟೀ ಮಾಡುತ್ತೇನೆಂದು ಫ್ರಿಜ್ಜಿಗೆ ಕೈಹಾಕಿದವನು ತಟ್ಟನೆ ಅದನ್ನು ಮುಚ್ಚಿದ.

"ಹಾಲು ಖಾಲಿಯಾಗಿದೆ ಸರ್."

"ಇದೆಯಲ್ಲ, ನನಗೆ ಪ್ಯಾಕೆಟ್ ಕಾಣಿಸ್ತು," ಎಂದ ದಫೇದಾರ. ಅವನಿಗೆ ನಿಜಕ್ಕೂ ಟೀ ಬೇಕಾಗಿತ್ತು.

ಇನ್‌ಸ್ಪೆಕ್ಟರ್ ಎದ್ದು ಫ್ರಿಜ್ಜಿನ ಬಾಗಿಲು ತೆರೆದರು. ಮೊಟ್ಟೆಗಳ ಸಾಲಿನ ಕೊನೆಯಲ್ಲಿ, ಹತ್ತಿಯ ಬಿರಡೆ ಹಾಕಿದ ಗಾಜಿನ ನಳಿಕೆ ನಿಂತಿತ್ತು.

"ಯಾವತ್ತು?"

"ಶನಿವಾರ ಮಧ್ಯಾಹ್ನ. ಅವಳು ಮೀಟಿಂಗಿಗೆ ಹೋಗಿದ್ಲು."

"ಯಾಕೆ?"

"ಇದನ್ನ ಮೊದಲು ಗುರುತಿಸಿದ್ದು ನಾನು ಸರ್. ಈಗ ಬೀದೀಲಿ ನನ್ನ ಹೆಸರು 'ಮೇಡಂ ಗಂಡ'. ಜನ ಅವಳಿಗೆ ಚಪ್ಪಾಳೆ ಹೊಡೆದಾಗ ನಾನೂ ಹೊಡೀತಿದ್ದೆ. ಒಳಗೊಳಗೇ ಸುಟ್ಟುಹೋಗ್ತಿದ್ದೆ."

"ಇದನ್ನ ಯಾಕೆ ಉಳಿಸಿದ್ರಿ?"

"ಕೈ ಬರಲಿಲ್ಲ."

ಬಂಧನವಾಯಿತು. ದಫೇದಾರ ನಳಿಕೆಗೆ ಅರಗಿನ ಮುದ್ರೆ ಒತ್ತಲು ಸಿದ್ಧನಾಗುವಷ್ಟರಲ್ಲಿ ಮೇಡಂ ಬಾಗಿಲಲ್ಲಿ ಬಂದು ನಿಂತರು. ಗಂಡನನ್ನು ನೋಡಿದರು, ಅವನ ಕೈಯ ಬೇಡಿ ನೋಡಿದರು, ನಳಿಕೆಯನ್ನು ನೋಡಿದರು.

"ಅವು ತಿಂದು ಬೆಳೆಯೋಕೆ ಹೊಸ ಜೆಲ್ಲಿಗೆ ಹಾಕಿದ್ರಾ?"

"ಭಾನುವಾರ ಹಾಕ್ದೆ. ಚೆನ್ನಾಗಿ ಬಂದಿದೆ," ಎಂದ ಅವನು, ತಲೆ ತಗ್ಗಿಸಿಕೊಂಡೇ.

ಮೇಡಂ ಇನ್‌ಸ್ಪೆಕ್ಟರರತ್ತ ತಿರುಗಿದರು. "ಸರ್, ಕೇಸ್ ಮುಗಿಯೋ ಹೊತ್ತಿಗೆ ನಿಮ್ಮ ಕಪಾಟಲ್ಲಿ ಇದು ಒಣಗಿ ಸತ್ತಿರುತ್ತೆ. ಇದೊಂದೇ ಉಳಿದಿರೋದು."

ಜಪ್ತಿಯಾದ ವಸ್ತುವನ್ನು ದೂರುದಾರರ ವಶಕ್ಕೆ ಬಿಡಿಸುವುದೆಂದರೆ ಕೋರ್ಟಿಗೆ ಇವತ್ತೇ ಅರ್ಜಿ ಹೋಗಬೇಕು, ಅದಕ್ಕೆ ಡಿವೈಎಸ್‌ಪಿಯ ಮಾತು ಬೇಕು. ಇನ್‌ಸ್ಪೆಕ್ಟರ್ ಫೋನನ್ನು ಕೈಯಲ್ಲಿ ಹಿಡಿದು ಅಂಗಳದಲ್ಲಿ ಎರಡು ಸುತ್ತು ಹಾಕಿದರು. ಬೇರೆ ಯಾರ ಬಳಿಯಾದರೂ ಕೈಚಾಚುತ್ತಿದ್ದರು, ಇವನ ಬಳಿ ಮಾತ್ರ ಬೇಡವಾಗಿತ್ತು. ಕಿಟಕಿಯೊಳಗೆ ಮೇಡಂ ಆ ನಳಿಕೆಯ ಮೇಲಿನ ಕಣ್ಣು ತೆಗೆದಿರಲಿಲ್ಲ.

"ಏನೋ ಮಾರಾಯ, ಹೇಳು," ಎಂದಿತು ಆ ಕಡೆಯ ದನಿ.

"ಸರ್, ನಿಮ್ಮಿಂದ ಒಂದು ಉಪಕಾರ ಆಗಬೇಕಿತ್ತು," ಎಂದರು ಇನ್‌ಸ್ಪೆಕ್ಟರ್.

ಸಂಜೆಯೇ ಕೋರ್ಟಿನ ಆದೇಶ ಕೈಸೇರಿತು. ಮುಚ್ಚಳಿಕೆ ಬರೆದುಕೊಟ್ಟು ಮೇಡಂ ನಳಿಕೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹೋದರು. ಇನ್‌ಸ್ಪೆಕ್ಟರ್ ಕೇಸ್ ಡೈರಿ ತೆರೆದು, ಕೃತ್ಯದ ಉದ್ದೇಶ ಎಂಬಲ್ಲಿ 'ಅಸೂಯೆ' ಎಂದು ಬರೆದರು. ಆ ಒಂದು ಪದಕ್ಕೆ ಅವರು ಯಾರನ್ನೂ ವಿಚಾರಣೆ ಮಾಡಬೇಕಾಗಿರಲಿಲ್ಲ.