ಹಿತ್ತಿಲ ಗುಂಡಿಯ ಮಾಂತ್ರಿಕ

ಬಹಳ ಹಿಂದೆ, ಹೊಳೆಗಳು ಮಾತಾಡುತ್ತಿದ್ದ ಕಾಲದಲ್ಲಿ, ಚಂದ್ರಗಾವಿ ಎಂಬ ರಾಜ್ಯವಿತ್ತು. ಅದರ ನಡುವೆ ನೀಲಹೊಳೆ ಹರಿಯುತ್ತಿತ್ತು. ಒಂದು ದಿನ ಧೂಮಾಕ್ಷನೆಂಬ ಮಾಂತ್ರಿಕ ಬಂದು ಮನೆಮನೆಯ ಹಿತ್ತಿಲಲ್ಲೂ ಒಂದೊಂದು ಗುಂಡಿ ತೋಡಿಕೊಟ್ಟ. "ಬೇಡವಾದದ್ದನ್ನೆಲ್ಲ ಇದಕ್ಕೆ ಹಾಕಿ, ಕಣ್ಣೆದುರೇ ಮಾಯವಾಗುತ್ತದೆ" ಎಂದ. ಹಾಗೇ ಆಯಿತು. ಹರಿದ ಸೀರೆ, ತರಕಾರಿ ಸಿಪ್ಪೆ, ಬಚ್ಚಲ ನೀರು ಎಲ್ಲವೂ ಗುಂಡಿಗೆ ಬಿದ್ದವು. ಜನಕ್ಕೆ ಹೊಲಿಯುವ, ತೊಳೆದಿಡುವ ಗೋಜೇ ತಪ್ಪಿತು. ಗುಂಡಿ ತುಂಬಲಿಲ್ಲ. ಆದರೆ ಒಂದು ಬೆಳಗ್ಗೆ ನೋಡಿದರೆ ಹೊಳೆಯೇ ಕಾಣೆಯಾಗಿತ್ತು.

ಆ ರಾಜ್ಯದಲ್ಲಿ ದೇವೀರಿ ಎಂಬ ಹೊಸ ಮದುವಣಗಿತ್ತಿಯಿದ್ದಳು. ಅವಳ ಗಂಡ ಮುದ್ದಯ್ಯ ಕಾಲು ಮುರಿದ ಮಂಚವನ್ನು ಗುಂಡಿಗೆ ತಳ್ಳುವಾಗ ತಾನೂ ಜಾರಿ ಒಳಗೆ ಬಿದ್ದ. ಅತ್ತೆ ಕೆಂಪಾಜಮ್ಮ ಎದೆ ಬಡಿದುಕೊಂಡು ಅತ್ತರು. ದೇವೀರಿ ಸೆರಗು ಸಿಕ್ಕಿಸಿಕೊಂಡಳು.

"ಅತ್ತೆ, ನಾನು ಹೋಗಿ ಅವರನ್ನ ಕರಕೊಂಡು ಬರ್ತೀನಿ. ನೀವು ಇಲ್ಲೇ ಇರಿ" ಎಂದವಳೇ ಧುಮುಕಿದಳು.

ಕೆಳಗೆ ಊರಿಗಿಂತ ದೊಡ್ಡ ಗವಿ. ಕಸದ ರಾಶಿಯ ಮೇಲೆ ಧೂಮಾಕ್ಷ ತೆಂಗಿನ ಮರದಷ್ಟು ಬೆಳೆದು ಕೂತಿದ್ದ. ಅವನ ಕಾಲ ಬಳಿ ಮುದ್ದಯ್ಯ ಕಲ್ಲಾಗಿ ನಿಂತಿದ್ದ. ಪಕ್ಕದಲ್ಲಿ ಕಪ್ಪು ಹಾವೊಂದು ಚಳಿಗೆ ನಡುಗುತ್ತಾ ಮಲಗಿತ್ತು.

"ನಮ್ಮ ಯಜಮಾನರನ್ನ ಬಿಡು. ಅವರನ್ನ ಯಾರೂ ಬಿಸಾಡಲಿಲ್ಲ, ಕಾಲು ಜಾರಿ ಬಿದ್ದರು" ಎಂದಳು ದೇವೀರಿ.

"ಗುಂಡಿಗೆ ಬಿದ್ದದ್ದೆಲ್ಲ ನನ್ನದು. ಬಿದ್ದಷ್ಟೂ ನಾನು ಬೆಳೆಯುತ್ತೇನೆ" ಎಂದ ಮಾಂತ್ರಿಕ. "ಇಲ್ಲಿ ಮೂರು ರಾಶಿಗಳಿವೆ. ಮೂರನ್ನೂ ಕೆಲಸಕ್ಕೆ ಬರುವಂತೆ ಮಾಡಿದರೆ ನಿನ್ನ ಗಂಡನಿಗೆ ಜೀವ ಬರುತ್ತದೆ."

ಮೊದಲನೆಯದು ಚಿಂದಿಯ ರಾಶಿ. ದೇವೀರಿ ಅದರೊಳಗೇ ಸೂಜಿ ಹುಡುಕಿ, ಬೆರಳು ನೆತ್ತರಾಗುವವರೆಗೆ ಹೊಲಿದು ದೊಡ್ಡ ಕೌದಿ ಮಾಡಿದಳು. ಹಾವಿಗೆ ಹೊದಿಸಿದಳು. ಅದರ ನಡುಕ ನಿಂತಿತು. ಮುದ್ದಯ್ಯನ ಪಾದಗಳಿಗೆ ಜೀವ ಬಂತು.

ಎರಡನೆಯದು ಕೊಳೆತ ಸಿಪ್ಪೆಯ ರಾಶಿ. ನಾತ ತಾಳದೆ ಅವಳು ಮೂಗಿಗೊಂದು ಚಿಂದಿ ಕಟ್ಟಿಕೊಂಡಳು. ಒಂದು ಪದರ ಸಿಪ್ಪೆ, ಒಂದು ಪದರ ಒಣಗಿದೆಲೆ, ಮೇಲಿಷ್ಟು ಮಣ್ಣು ಹಾಕಿ, ಕೋಲಿನಿಂದ ತಿರುವಿ ತಿರುವಿ ಕಾದಳು. ಆ ಗವಿಯಲ್ಲಿ ತಿಂಗಳುಗಳು ಗಳಿಗೆಗಳಂತೆ ಓಡುತ್ತಿದ್ದವು. ಸಿಪ್ಪೆ ಗೊಬ್ಬರವಾಯಿತು, ಅದರಲ್ಲಿ ಕುಂಬಳದ ಬಳ್ಳಿ ಹಬ್ಬಿತು. ಮುದ್ದಯ್ಯನ ಕೈಗಳಿಗೆ ಜೀವ ಬಂತು.

ಮೂರನೆಯದು ಕಪ್ಪು ನೀರಿನ ಕೊಳ. ದೇವೀರಿ ತೂತಾದ ಮಡಕೆಗೆ ಜಲ್ಲಿ, ಮರಳು, ಇದ್ದಿಲು ತುಂಬಿ ನೀರು ಸೋಸಿದಳು. ಹನಿ ಹನಿಯಾಗಿ ತಿಳಿನೀರು ಬಂತು. ಅದನ್ನು ಕುಡಿದ ಹಾವಿನ ಕಣ್ಣು ನೀಲಿಯಾಯಿತು.

"ನಾನು ನೀಲಹೊಳೆ" ಎಂದಿತು ಅದು. "ಇವನು ನನಗೆ ಕೊಳೆ ಕುಡಿಸಿ ಹಾವಾಗಿಸಿದ."

"ದೇವೀರಿ" ಎಂದು ಮುದ್ದಯ್ಯ ಬಾಯಿಬಿಟ್ಟ.

ಅಷ್ಟರಲ್ಲಿ ಮೇಲಿಂದ ದಬದಬನೆ ಕಸ ಸುರಿಯಿತು. ಧೂಮಾಕ್ಷ ನಕ್ಕ. "ಜೀವ ಕೊಟ್ಟೆ, ದಾರಿ ಕೊಡುತ್ತೇನೆ ಅಂದಿರಲಿಲ್ಲ. ನೀನೊಂದು ರಾಶಿ ಕರಗಿಸಿದರೆ ಮೇಲಿನವರು ಹತ್ತು ಸುರಿಯುತ್ತಾರೆ."

ದೇವೀರಿ ಕುಸಿದು ಕೂತಳು. ಅವಳ ಕೈ ಸೋತಿತ್ತು. ಹಾವು ಅವಳನ್ನು ಹೆಡೆಯ ಮೇಲೆ ಎತ್ತಿಕೊಂಡಿತು. ಗುಂಡಿಯ ಬಾಯಿ ಕೈಗೆ ಎಟುಕಲಿಲ್ಲ, ದನಿಗೆ ಎಟುಕಿತು.

"ಅತ್ತೆ, ಯಾರೂ ಏನೂ ಹಾಕದ ಹಾಗೆ ನೋಡಿಕೊಳ್ಳಿ. ನಮ್ಮನ್ನ ನೀವೇ ಉಳಿಸಬೇಕು."

ಊರಲ್ಲಿ ಎಲ್ಲರಿಗಿಂತ ಹೆಚ್ಚು ಗುಂಡಿಯನ್ನು ಮೆಚ್ಚಿದ್ದವರು ಕೆಂಪಾಜಮ್ಮ. ಅವರೇ ಈಗ ಬೀದಿಗಿಳಿದರು. ಮನೆಮನೆಯ ಬಾಗಿಲು ತಟ್ಟಿದರು.

"ನಾರುವ ಸಿಪ್ಪೆ ಮನೇಲಿ ಇಟ್ಕೊಳ್ಳಬೇಕಾ?" ಎಂದು ನೆರೆಯವಳು ಸಿಡುಕಿದಳು.

"ಬಾರವ್ವ, ಗಿಡದ ಬುಡಕ್ಕೆ ಹೇಗೆ ಹಾಕೋದು ಅಂತ ತೋರಿಸ್ತೀನಿ. ಬಚ್ಚಲ ನೀರನ್ನ ಬಾಳೆಗೆ ಬಿಡೋಣ. ನನ್ನ ಮಗ ಸೊಸೆ ಕೆಳಗಿದ್ದಾರೆ ಕಣವ್ವ."

ಕೆಲವರು ಬೈದರು, ಕೆಲವರು ಬಂದರು. ಬಂದವರನ್ನು ನೋಡಿ ಬೈದವರೂ ಬಂದರು. ಸುದ್ದಿ ಊರಿಂದೂರಿಗೆ ಹಬ್ಬಿ, ಕೊನೆಗೆ ರಾಜ್ಯದ ಯಾವ ಗುಂಡಿಗೂ ಏನೂ ಬೀಳಲಿಲ್ಲ.

ಕೆಳಗೆ ಧೂಮಾಕ್ಷ ಕುಗ್ಗತೊಡಗಿದ. ಮರದಷ್ಟಿದ್ದವನು ಆಳಿನಷ್ಟಾದ, ಆಳಿನಷ್ಟಿದ್ದವನು ಜಿರಲೆಯಷ್ಟಾದ, ಆಮೇಲೆ ಬರೀ ಹೊಗೆಯಾಗಿ ಆರಿಹೋದ. ಹಾವು ಗಂಡಹೆಂಡಿರನ್ನು ಬೆನ್ನ ಮೇಲೆ ಕೂರಿಸಿಕೊಂಡು, ನೆಲ ಸೀಳಿ ಮೇಲೆ ಚಿಮ್ಮಿ, ಹೊಳೆಯಾಗಿ ಹರಿಯಿತು.

ದಡದಲ್ಲಿ ಕಾದಿದ್ದ ಕೆಂಪಾಜಮ್ಮ ಮೊದಲು ಸೊಸೆಯ ಗಾಯದ ಬೆರಳುಗಳನ್ನು ಹಿಡಿದುಕೊಂಡರು, ಆಮೇಲೆ ಮಗನ ಕಡೆ ನೋಡಿದರು. ಗುಂಡಿಗಳನ್ನು ಮುಚ್ಚಿದ ಕಡೆಯಲ್ಲೆಲ್ಲ ಜನ ಬಾಳೆ ನೆಟ್ಟರು. ಅವರೆಲ್ಲ ನೆಮ್ಮದಿಯಿಂದ ಬಾಳಿದರು. ಕತೆ ಕೇಳಿದವರ ಹಿತ್ತಿಲೂ ಹಸಿರಾಗಿರಲಿ.