ಮಹಡಿ ಅಂಗಡಿಯ ಮೇಲಿನ ರೂಮು

"ಮೇಲಿನ ರೂಮಿನ ಬೀಗದ ಕೈ ಕೊಡು ತಾತ."

ಶಿವರಂಜಿನಿ ಕೈ ಚಾಚಿ ನಿಂತಿದ್ದಳು. ಸ್ಕೂಲ್ ಬ್ಯಾಗ್ ಇನ್ನೂ ಬೆನ್ನ ಮೇಲೇ ಇತ್ತು. ತಾತ ಗಂಗಾಧರಸ್ವಾಮಿ ತಕ್ಕಡಿ ಒರೆಸುತ್ತಾ ಕೇಳಿಸದವರ ಹಾಗೆ ಕೂತರು.

ಗುಂಡ್ಲುಪೇಟೆಯಲ್ಲಿ ತಾತನ ಕಾಳಿನಂಗಡಿಗೆ ಬೋರ್ಡೇ ಬೇಕಿಲ್ಲ. ಮಹಡಿ ಅಂಗಡಿ ಎಂದರೆ ಸಾಕು, ಯಾರು ಬೇಕಾದರೂ ತೋರಿಸುತ್ತಾರೆ. ರಸ್ತೆಯಿಂದ ನೋಡಬೇಕು ಅದರ ಠೀವಿ! ಕೆಳಗೆ ಅಂಗಡಿ, ಮೇಲೆ ಎರಡು ಹಸಿರು ಕಿಟಕಿ, ನಡುವೆ ಗಾರೆಯಲ್ಲಿ ಮಾಡಿದ ಬಸವ. ಅಕ್ಕಪಕ್ಕ ಎತ್ತರದ ಕಟ್ಟಡಗಳು ಒತ್ತಿಕೊಂಡಿದ್ದರಿಂದ ಮೇಲಿನ ಭಾಗ ಕಾಣುತ್ತಿದ್ದುದು ರಸ್ತೆಯಿಂದ ಮಾತ್ರ.

ಆ ಕಿಟಕಿಗಳನ್ನು ಮಾತ್ರ ಯಾರೂ ತೆರೆದದ್ದಿಲ್ಲ. ಆಯುಧ ಪೂಜೆಯ ದಿನ ಅವಕ್ಕೂ ಚೆಂಡುಹೂವಿನ ಹಾರ ಬೀಳುತ್ತಿತ್ತು. ಅದನ್ನು ಕಟ್ಟಲು ಪಕ್ಕದ ಸಂದಿಯ ಏಣಿ ಹತ್ತುವವರು ತಾತ ಒಬ್ಬರೇ. ಹತ್ತಿದರೆ ಬೇಗ ಇಳಿಯುತ್ತಲೂ ಇರಲಿಲ್ಲ. ನಾನೂ ಬರುತ್ತೇನೆ ಎಂದು ಶಿವರಂಜಿನಿ ಕೇಳಿದರೆ, ದೊಡ್ಡವಳಾಗು ಎನ್ನುತ್ತಿದ್ದರು.

ಶಿವರಂಜಿನಿಗೆ ಆ ರೂಮಿನದೇ ಆಸೆ. ಅಂಗಡಿ ಹಿಂದಿನ ಒಂದೇ ಕೋಣೆಯಲ್ಲಿ ಅಪ್ಪ, ಅಮ್ಮ, ತಮ್ಮ, ಅವಳು. ತಮ್ಮನಂತೂ ಅವಳ ಹೋಂವರ್ಕ್ ಮೇಲೆಯೇ ಉರುಳಾಡುತ್ತಿದ್ದ. ಮಲಗಿದಾಗ ಅವಳು ಮನಸ್ಸಿನಲ್ಲೇ ಮೇಲಿನ ರೂಮಿಗೆ ಮಂಚ ಹಾಕುತ್ತಿದ್ದಳು. ಕಿಟಕಿ ಪಕ್ಕ ಟೇಬಲ್ ಇಡುತ್ತಿದ್ದಳು. ಗೆಳತಿ ರೂಪಶ್ರೀಯ ಹತ್ತಿರ ಅದು ನನ್ನ ರೂಮು ಎಂದೂ ಹೇಳಿಬಿಟ್ಟಿದ್ದಳು.

ಈಗ ರಸ್ತೆ ಅಗಲ ಮಾಡಬೇಕೆಂದು ಅಂಗಡಿಯ ಮುಂದಿನ ಗೋಡೆಗೆ ಕೆಂಪು ಗುರುತು ಹಾಕಿದ್ದರು. ನಾಳೆ ಜೆಸಿಬಿ ಬರುತ್ತದೆ. ರೂಮು ನೋಡಲೆಂದು ರೂಪಶ್ರೀ ಆಗಲೇ ಬಂದು ರಸ್ತೆಯಲ್ಲಿ ಕಾಯುತ್ತಿದ್ದಳು.

"ಇವತ್ತು ನೋಡ್ದಿದ್ರೆ ಇನ್ಯಾವತ್ತು ತಾತ?" ಶಿವರಂಜಿನಿ ಚಾಚಿದ ಕೈಯನ್ನು ಇನ್ನೂ ಮುಂದಕ್ಕೆ ತಂದಳು.

ತಾತ ತಕ್ಕಡಿ ಕೆಳಗಿಟ್ಟರು. "ಬಾ ಕೂಸು. ಮೊದ್ಲು ನೀನೊಬ್ಳೇ ನೋಡು."

ಅವಳು ಮುಂದೆ, ತಾತ ಹಿಂದೆ ಏಣಿ ಹತ್ತಿದರು.

ಮೇಲೆ ರೂಮೇ ಇರಲಿಲ್ಲ. ಮಂಚ ಹಾಕಲು ನೆಲವಿಲ್ಲ, ಮೇಲೆ ಸೂರಿಲ್ಲ. ಅಂಗಡಿಯ ಹೆಂಚು ಇಳಿಜಾರಾಗಿ ಬಂದು ಮುಂದಿನ ಗೋಡೆಯ ಹತ್ತಿರ ನಿಂತುಬಿಟ್ಟಿತ್ತು. ಆ ಗೋಡೆ ಮಾತ್ರ ಎತ್ತರಕ್ಕೆ ಎದ್ದಿತ್ತು. ಅದರ ಬೆನ್ನಿಗೆ ಗಾರೆ, ಬಣ್ಣ ಏನೂ ಇಲ್ಲ, ಬರೀ ಇಟ್ಟಿಗೆ.

ಶಿವರಂಜಿನಿಗೆ ಅಳು, ಸಿಟ್ಟು ಎರಡೂ ಒಟ್ಟಿಗೇ ಬಂದವು. "ಇಷ್ಟು ದಿನ ಸುಳ್ಳು ಹೇಳ್ಬುಟ್ಯಲ್ಲ ತಾತ!"

ತಾತ ಒಪ್ಪಿಕೊಂಡರು. ಸಂತೆಗೆ ಬಂದವರ ಕಣ್ಣಿಗೆ ಬೀಳಲೆಂದು ತಾತನ ಅಪ್ಪ ಮೊದಲು ಈ ಗೋಡೆ ಎಬ್ಬಿಸಿದರಂತೆ. ರೂಮನ್ನು ಮುಂದಿನ ವರ್ಷ ಕಟ್ಟೋಣ ಎಂದರಂತೆ. ಆ ವರ್ಷ ಬರಲೇ ಇಲ್ಲ. ಕಿಟಕಿ ತೆರೆದರೆ ಕೆಳಗಿನವರಿಗೆ ಆಕಾಶ ಕಾಣುತ್ತದೆಂದು ಮುಚ್ಚಿಯೇ ಇಟ್ಟರು.

"ನಾನೂ ನಿನ್ನಷ್ಟಿದ್ದಾಗ ಬೀಗದ ಕೈ ಕೇಳಿದ್ದೆ ಕಣಮ್ಮಿ," ಎಂದರು ತಾತ. "ನಮ್ಮಪ್ಪಾನೂ ದೊಡ್ಡೋನಾಗು ಅಂದಿದ್ರು."

ಗೋಡೆಗೂ ಹೆಂಚಿಗೂ ನಡುವೆ ಮಳೆನೀರು ಹರಿಯುವಷ್ಟು ಜಾಗವಿತ್ತು. ಅಲ್ಲಿ, ಒಂದು ಕಿಟಕಿಯ ಕೆಳಗೆ, ಮಡಿಸಿದ ಗೋಣಿಚೀಲ. ಕಿಟಕಿಯ ಅಂಚು ಮೊಣಕೈ ಊರಿ ಊರಿ ನುಣ್ಣಗಾಗಿತ್ತು. ಹಾರ ಕಟ್ಟಲು ತಾತನಿಗೆ ಅಷ್ಟು ಹೊತ್ತು ಯಾಕೆ ಬೇಕಾಗುತ್ತಿತ್ತೆಂದು ಶಿವರಂಜಿನಿಗೆ ಈಗ ತಿಳಿಯಿತು. ಅವಳ ಸಿಟ್ಟು ಎಲ್ಲಿ ಹೋಯಿತೋ.

ಅವಳು ಗೋಣಿಚೀಲದ ಮೇಲೆ ಕೂತು ಚಿಲಕಕ್ಕೆ ಕೈ ಹಾಕಿದಳು. ಕಿಟಕಿ ಕಿರುಗುಟ್ಟುತ್ತಾ ತೆರೆಯಿತು. ಕೆಳಗೆ ಟೊಮೆಟೊ ಲಾರಿಗಳು ಕೇರಳದ ಕಡೆ ಹೋಗುತ್ತಿದ್ದವು. ದೂರದಲ್ಲಿ ಗೋಪಾಲಸ್ವಾಮಿ ಬೆಟ್ಟ ನೀಲಿಯಾಗಿ ಕಾಣುತ್ತಿತ್ತು.

ರೂಪಶ್ರೀ ಕತ್ತೆತ್ತಿ ಕೂಗಿದಳು. "ರೂಮು ಎಷ್ಟು ದೊಡ್ಡದೈತೆ ಕಣೇ?"

ತಾತ ತಲೆ ತಗ್ಗಿಸಿದರು. ಶಿವರಂಜಿನಿ ಸ್ವಲ್ಪ ಸರಿದು, ಅವರ ಕೈ ಹಿಡಿದೆಳೆದು ಪಕ್ಕದಲ್ಲಿ ಕೂರಿಸಿಕೊಂಡಳು. ಆಮೇಲೆ ಕಿಟಕಿಯಿಂದ ತಲೆ ಹೊರಗೆ ಹಾಕಿದಳು.

"ಚಿಕ್ಕದು ಕಣೇ. ಇಬ್ರು ಕೂರ್ಬೋದು, ಅಷ್ಟೆ."